ಗುಂಪಿನ ಅಭಿಪ್ರಾಯ

ಜೂನ್ 18

ಮಗಳೇ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಹೇಳಿದ್ದರೆ ನೀನು "ಹೂಂ ಅಮ್ಮ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದೆ. ಕಾಗದದ ಮಾತನ್ನು ನಡುವೆ ತುಂಡು ಮಾಡಲಾಗುವುದಿಲ್ಲ. ಜೊತೆಗೆ ನನಗೆ ಬರೆದು ರೂಢಿಯಾಗಬೇಕು. ಏಕೆಂದರೆ ನಾನು ಸಂಜೆ ಶಾಲೆಗೆ ಸೇರಿದ್ದೇನೆ. ಹತ್ತನೇ ತರಗತಿ. ನಗುವುದಿದ್ದರೆ ನಕ್ಕು ಮುಗಿಸು, ಆಮೇಲೆ ಮುಂದೆ ಓದು.

ಆಸ್ಪತ್ರೆಯ ಲಾಂಡ್ರಿಯಲ್ಲಿ ವಿಷಯ ಗೊತ್ತಾದಾಗ ನಮ್ಮ ಸೂಪರ್‌ವೈಸರ್ ಇಸ್ತ್ರಿ ಯಂತ್ರದ ಹಬೆಯೊಳಗಿಂದಲೇ ಕೂಗಿದ: "ಈ ವಯಸ್ಸಲ್ಲಿ ಯಾಕಮ್ಮಾ ನಿಮಗೆ?" "ಬೇರೆ ವಯಸ್ಸು ನನ್ನ ಹತ್ರ ಇಲ್ಲಪ್ಪ" ಅಂದೆ. ಹಗಲು ಅದು ಚಿಕ್ಕ ಮಕ್ಕಳ ಶಾಲೆ. ಬೆಂಚೂ ಅವರ ಅಳತೆಯದೇ. ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ.

ಲೆಕ್ಕ, ವಿಜ್ಞಾನ ಎಲ್ಲ ಹೇಗೋ ಆಗುತ್ತದೆ. ತೊಂದರೆ ಶುಕ್ರವಾರದ್ದು. ಆ ದಿನ ಪುಸ್ತಕ ಚರ್ಚೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಒಂದು ಕಾದಂಬರಿ ಕೊಟ್ಟು, ಮಾತಾಡಿ ಅನ್ನುತ್ತಾರೆ. ಅದಕ್ಕೆ ಮೌಖಿಕದ ಅಂಕವೂ ಉಂಟು. ನನ್ನ ಗುಂಪಿನಲ್ಲಿ ಬೇಕರಿಯಲ್ಲಿ ಹಿಟ್ಟು ನಾದುವ ಒಬ್ಬ, ದೊಡ್ಡ ದನಿಯವನು. ಒಬ್ಬ ಲಾರಿ ಡ್ರೈವರ್, ಯಾರು ಏನೇ ಹೇಳಲಿ "ನಾನೂ ಅದನ್ನೇ ಹೇಳ್ಬೇಕಂತಿದ್ದೆ" ಅನ್ನುತ್ತಾನೆ. ಒಬ್ಬಳು ಹೊಲಿಗೆಯ ಹುಡುಗಿ, ಬಾಯಿಯೇ ತೆರೆಯುವುದಿಲ್ಲ. ಮತ್ತೆ ನಾನು. ಮೇಡಂ ನನ್ನನ್ನು ನೋಡಿ, "ನೀವು ಗಡಿಯಾರ ನೋಡ್ಕೊಳ್ಳಿ ಅಮ್ಮಾ, ಎಲ್ಲರಿಗೂ ಸಮಯ ಸಿಗ್ಬೇಕಲ್ಲ" ಅಂದರು. ಬಾಯಿ ಇದ್ದವಳ ಕೈಗೆ ಗಡಿಯಾರ ಕೊಟ್ಟು ಕೂರಿಸಿದರು!

ನೀನು ಹೈಸ್ಕೂಲಿನ ಟೀಚರ್. ನಿನ್ನ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡುತ್ತೀಯಂತಲ್ಲ. ನನಗೂ ಹೇಳಿಕೊಡು. ಗುಂಪಿನಲ್ಲಿ ಕೂತು ಪುಸ್ತಕದ ಬಗ್ಗೆ ಮಾತಾಡುವುದು ಹೇಗೆ?

ನಿನ್ನ ಅಮ್ಮ, ಸದ್ಯಕ್ಕೆ ಗಡಿಯಾರ


ಜೂನ್ 27

ಪ್ರೀತಿಯ ಅಮ್ಮ,

ನಕ್ಕಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ತೋರಿಸಿದೆ. ಅವರು ನಕ್ಕರು, ನಾನು ಹೆಮ್ಮೆಪಟ್ಟೆ.

ಮೊದಲನೆಯದು, ಪುಸ್ತಕ ಪೂರ್ತಿ ಓದಿಕೊಂಡು ಹೋಗು. ಅರ್ಧ ಓದಿ ಪೂರ್ತಿ ಮಾತಾಡುವವರೇ ಎಲ್ಲ ಗುಂಪನ್ನೂ ಕೆಡಿಸುವುದು. ಓದುವಾಗ ಎಲ್ಲಿ ಸಿಟ್ಟು ಬಂತೋ, ಎಲ್ಲಿ ಗೊಂದಲವಾಯಿತೋ ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕು. ಹೋಗುವಾಗ ಒಂದು ಪ್ರಶ್ನೆ ಜೊತೆಗಿರಲಿ. ಅದಕ್ಕೆ ಹೌದು, ಇಲ್ಲ ಎಂಬ ಉತ್ತರ ಸಾಲಬಾರದು. ಏನು ಹೇಳಿದರೂ ಅದು ಪುಸ್ತಕದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸು, ಬೇರೆಯವರಿಗೂ ತೋರಿಸಲು ಹೇಳು. ಇನ್ನೊಬ್ಬರು ಮಾತಾಡುವಾಗ ನಿನ್ನ ಉತ್ತರವನ್ನು ಮನಸ್ಸಿನಲ್ಲಿ ಹೊಲಿಯುತ್ತ ಕೂರಬೇಡ, ಕೇಳು. ಒಪ್ಪದಿದ್ದರೆ ಮಾತನ್ನು ಒಪ್ಪಬೇಡ, ಮನುಷ್ಯರನ್ನು ಬೈಯಬೇಡ. ಆ ಹೊಲಿಗೆಯ ಹುಡುಗಿಯನ್ನು "ನಿಂಗೇನನ್ಸುತ್ತೆ?" ಎಂದು ಒಮ್ಮೆ ಕೇಳಿ, ಆಮೇಲೆ ಸುಮ್ಮನಿದ್ದು ಕಾಯಿ. ಕಾಯುವುದು ನಿನಗೆ ಕಷ್ಟ, ಗೊತ್ತು.

ಇನ್ನೊಂದು ಮಾತು. ಮನೆಯ ಕತೆಗಳನ್ನು ಅಲ್ಲಿಗೆ ಒಯ್ಯಬೇಡ. ಚರ್ಚೆ ನಡೆಯುವುದು ಪುಸ್ತಕದ ಬಗ್ಗೆ, ಅದನ್ನು ಓದಿದವರ ಬಗ್ಗೆ ಅಲ್ಲ. ನನ್ನ ತರಗತಿಯಲ್ಲಿ ಇದು ಕಡ್ಡಾಯ.

ಪುಸ್ತಕ ಯಾವುದು? ಬರೆ.

ನಿನ್ನ ಮಗಳು


ಜುಲೈ 16

ಮಗಳೇ,

ನಿನ್ನ ಕಾಗದವನ್ನು ಪಾಠದಂತೆ ಓದಿದೆ. ಆದರೂ ಪೆಟ್ಟು ತಿಂದೆ.

ಪುಸ್ತಕ ಒಂದು ಸಣ್ಣ ರೈಲು ನಿಲ್ದಾಣದ ಕತೆ. ಸ್ಟೇಷನ್ ಮಾಸ್ಟರನ ಹೆಂಡತಿ ಒಂದು ಬೆಳಗ್ಗೆ, ಒಲೆಯ ಮೇಲೆ ಇಟ್ಟ ನೀರನ್ನು ಇಳಿಸಿಟ್ಟು, ಪ್ಲಾಟ್‌ಫಾರಂಗೆ ಬಂದು ರೈಲು ಹತ್ತಿ ಹೋಗಿಬಿಡುತ್ತಾಳೆ. ಅವಳಿಗೊಂದು ಮಗಳಿದೆ. ಗಂಡ ಕೆಟ್ಟವನಲ್ಲ.

ಬೇಕರಿಯವನು ಪುಸ್ತಕವನ್ನು ಡೆಸ್ಕಿಗೆ ಬಡಿದ. "ಇವ್ಳು ತಾಯಿನೇ ಅಲ್ಲ. ಮುಗೀತು."

"ನಾನೂ ಅದನ್ನೇ ಹೇಳ್ಬೇಕಂತಿದ್ದೆ" ಅಂದ ಡ್ರೈವರ್. "ಗಂಡ ಕುಡೀತಿದ್ದ, ಹೊಡೀತಿದ್ದ ಅಂದ್ರೆ ಬೇರೆ ಮಾತು."

ನಾನು ಗಡಿಯಾರವನ್ನು ಮಗುಚಿಟ್ಟೆ. "ಕುಡೀತಿದ್ದ ಅಂತ ಎಲ್ಲಿದೆ ತೋರ್ಸಿ" ಅಂದೆ. "ಇಲ್ಲ ತಾನೆ? ಅವ್ನಿಗೆ ನೀವೇ ಯಾಕೆ ಕುಡಿಸ್ತೀರಿ? ಅವ್ನು ಒಳ್ಳೆಯವ್ನು, ಆದ್ರೂ ಅವ್ಳು ಹೋದ್ಲು. ಆ ಕತೇನ ಓದೋಕೆ ಧೈರ್ಯ ಇಲ್ವಾ?" ಬೇರೆ ಗುಂಪಿನವರೂ ತಿರುಗಿ ನೋಡಿದರು. ನಾನು ಬಿಡಲಿಲ್ಲ. ಅವಳು ಹೋದದ್ದು ಸರಿ, ತಿರುಗಿ ನೋಡದೆ ಹೋದದ್ದು ಇನ್ನೂ ಸರಿ, ಹೋಗಿಯೂ ಬದುಕಿ ತೋರಿಸಿದಳು ಎಂದೆಲ್ಲ ಹೇಳಿದೆ.

ಬೇಕರಿಯವನು ನಿಧಾನವಾಗಿ ಕೇಳಿದ: "ಕೊನೇತನಕ ಓದಿದ್ರಾ ನೀವು?"

ಓದಿರಲಿಲ್ಲ. ಆ ವಾರ ಆಸ್ಪತ್ರೆಯಲ್ಲಿ ಹೊದಿಕೆಗಳ ರಾಶಿ ಬಿದ್ದಿತ್ತು.

"ಅವ್ಳು ವಾಪಸ್ ಬರ್ತಾಳೆ" ಅಂದ.

ನನ್ನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ನೀನು ಮೊದಲನೇ ಸಾಲಿನಲ್ಲೇ ಎಚ್ಚರಿಸಿದ್ದೆ. ಒಪ್ಪಿದೆ. ಆದರೆ ಸೋತದ್ದು ಓದಿನಲ್ಲಿ, ಮಾತಿನಲ್ಲಲ್ಲ. ಪೂರ್ತಿ ಓದಿಕೊಂಡು ಬಂದು ಇದೇ ಮಾತನ್ನು ಇದೇ ಬೆಂಚಿನ ಮೇಲೆ ಕೂತು ಹೇಳುತ್ತೇನೆ, ನೋಡುತ್ತಿರು.

ನಿನ್ನ ಅಮ್ಮ


ಆಗಸ್ಟ್ 6

ಮಗಳೇ,

ನಿನ್ನಿಂದ ಕಾಗದವಿಲ್ಲ. ಪರೀಕ್ಷೆಯ ಗಡಿಬಿಡಿ ಇರಬೇಕು.

ಪೂರ್ತಿ ಓದಿದೆ, ಎರಡು ಸಲ. ಅವಳು ಒಂದು ವರ್ಷ ಸಮುದ್ರದಂಡೆಯ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸ ಮಾಡಿ ಹಿಂದಿರುಗುತ್ತಾಳೆ. ಬೇಕರಿಯವನ ಪ್ರಕಾರ, ಬಂದಳು ಎಂದರೆ ತಪ್ಪು ಒಪ್ಪಿಕೊಂಡಳು ಎಂದರ್ಥ. "ಬಂದ್ಲು ಅಂತಿದೆ. ಒಪ್ಕೊಂಡ್ಲು ಅಂತ ಎಲ್ಲಿದೆ?" ಅಂದೆ. ಹುಡುಕಿದ. ಸಿಗಲಿಲ್ಲ. ಆದರೂ ಒಪ್ಪಲಿಲ್ಲ. ನಾನು ಎತ್ತಾಗಿ ಏರಿಗೆ ಎಳೆದರೆ ಅವನು ಕೋಣನಾಗಿ ನೀರಿಗೆ.

ಈಗ ಹೊಸ ಪಂಚಾಯಿತಿ. ಪ್ರತಿ ಗುಂಪೂ ಚಾರ್ಟಿನ ಮೇಲೆ 'ಗುಂಪಿನ ಅಭಿಪ್ರಾಯ' ಎಂದು ಒಂದು ಸಾಲು ಬರೆದು ನಾಲ್ವರೂ ಸಹಿ ಹಾಕಬೇಕು. ನವೆಂಬರಿನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಬಂದು ನೋಡುತ್ತಾರಂತೆ. ಮೇಡಂ ಹೇಳಿಕೊಟ್ಟ ಸಾಲು: 'ತಾಯಿಯ ತ್ಯಾಗಕ್ಕಿಂತ ದೊಡ್ಡದು ಯಾವುದೂ ಇಲ್ಲ.' ಇಡೀ ಪುಸ್ತಕದಲ್ಲಿ ತ್ಯಾಗವೆಂಬ ಪದವೇ ಇಲ್ಲ!

ಮೂವರು ಸಹಿ ಹಾಕಿದರು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಗುಂಪು ಅಂದ್ಮೇಲೆ ಹೊಂದ್ಕೊಂಡು ಹೋಗ್ಬೇಕಮ್ಮ" ಅಂದರು ಮೇಡಂ.

"ಹೊಂದ್ಕೊಳ್ಳೋದು ಕಲಿಯೋಕೆ ಶಾಲೆಗೆ ಬರ್ಬೇಕಾಗಿರಲಿಲ್ಲ ಮೇಡಂ" ಅಂದೆ. "ಅದ್ರಲ್ಲಿ ನಂಗೆ ಡಿಗ್ರಿ ಆಗಿದೆ."

ಯಾಕೆ ಬರೆಯುತ್ತಿಲ್ಲ?

ನಿನ್ನ ಅಮ್ಮ


ಆಗಸ್ಟ್ 30

ಮಗಳೇ,

ಎರಡು ಶುಕ್ರವಾರದಿಂದ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಉಳಿದ ಮೂವರು ಕಿಟಕಿಯ ಹತ್ತಿರ ಹೋಗಿ ಕೂರುತ್ತಾರೆ. ನಾನು ಪುಸ್ತಕ ಬಿಡಿಸಿಟ್ಟುಕೊಂಡು ಇದ್ದಲ್ಲೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಬೇಕಾದವರು ಬಂದು ಕೂರಲಿ.

ಫೋನಿನಲ್ಲಿ ನಿನ್ನ ದನಿ ಆಸ್ಪತ್ರೆಯ ವಿಚಾರಣೆ ಕೌಂಟರಿನವರ ದನಿಯಂತೆ ಆಗಿದೆ. ಕಾರಣ ನನಗೆ ಗೊತ್ತಿದೆ ಎಂದು ನಿನಗೂ ಗೊತ್ತಿದೆ.

ಅಮ್ಮ


ಸೆಪ್ಟೆಂಬರ್ 14

ಅಮ್ಮ,

ಆ ಪುಸ್ತಕ ಕೊಂಡು ಓದಿದೆ. ನೀನು ಗುಂಪಿನಲ್ಲಿ ಮಾತಾಡುವುದು ಹೇಗೆಂದು ಕೇಳಿದ್ದೆಯಲ್ಲ, ಈಗ ನಾನೂ ನಿನ್ನ ಗುಂಪಿನವಳು ಅಂದುಕೋ. ನಾನೂ ಬೆರಳಿಟ್ಟೇ ತೋರಿಸುತ್ತೇನೆ.

ನಿಮ್ಮ ಗುಂಪಿನಲ್ಲಿ ಯಾರಾದರೂ ಆ ಮಗುವಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೇ? ಬೇಕರಿಯವನು ಕೇಳಲಿಲ್ಲ. ನೀನೂ ಕೇಳಲಿಲ್ಲ. ಅವಳು ತಾಯಿಯೋ ಅಲ್ಲವೋ ಎಂದು ಜಗಳವಾಡಿದಿರಿ. ನಡುವಿನ ಒಂದಿಡೀ ಅಧ್ಯಾಯದಲ್ಲಿ ಹುಡುಗಿ ಯಾರೊಂದಿಗೂ ಮಾತಾಡುವುದಿಲ್ಲ. ಗಮನಿಸಿದೆಯಾ? ನಾನು ಅಲ್ಲಿ ಗೀಟು ಹಾಕಿದ್ದೇನೆ. ಅವಳು ಮಗುವನ್ನು ಯಾಕೆ ಜೊತೆಗೆ ಕರೆದೊಯ್ಯಲಿಲ್ಲ? ಎಲ್ಲಿದೆ, ತೋರಿಸು.

ಇನ್ನು ಕೊನೆಯ ಪುಟ. 'ಅಮ್ಮನನ್ನು ಕಂಡೊಡನೆ ಹುಡುಗಿ ನಗುತ್ತಾ ಓಡಿ ಬಂದಳು' ಎಂದಿದೆ. ಸುಳ್ಳು, ಅಮ್ಮ. ಆ ಸಾಲು ಸುಳ್ಳು.

ನನ್ನ ನಿಯಮವನ್ನು ನಾನೇ ಮುರಿಯುತ್ತಿದ್ದೇನೆ. ನೀನು ಹೋದ ಮೇಲೆ ಅಪ್ಪ ನನಗೆ ಜಡೆ ಹಾಕಲು ಕಲಿತರು. ಒಂದು ಮೇಲೆ, ಒಂದು ಕೆಳಗೆ ಆಗುತ್ತಿತ್ತು. "ಅಮ್ಮ ಅಜ್ಜಿ ಮನೇಲಿದಾಳೆ" ಎಂದು ಹೇಳುವುದನ್ನು ನಾನು ಅವರಿಂದ ಕಲಿತೆ. ನೀನು ಬಂದ ದಿನ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಬೀದಿಯ ತುದಿಯಲ್ಲಿ ನೀನು ಕಂಡೆ. ನಾನು ಏಳಲಿಲ್ಲ. ಪಕ್ಕದ ಮನೆಯವಳು ಬೆನ್ನಿಗೆ ಕೈ ಹಾಕಿ "ಓಡೇ, ನಿಮ್ಮಮ್ಮ ಬಂದ್ಲು, ಓಡು" ಎಂದು ತಳ್ಳಿದಳು. ಎಲ್ಲ ಬಾಗಿಲಲ್ಲೂ ಜನ ನಿಂತಿದ್ದರು. ಅದಕ್ಕೇ ಓಡಿದೆ.

ಅಪ್ಪ ಒಳ್ಳೆಯವರಾಗಿದ್ದರು. ಅವರು ಹೋಗಿ ಇಷ್ಟು ವರ್ಷವಾಯಿತು, ಒಂದು ಸಲವೂ ಅದರ ಬಗ್ಗೆ ಮಾತಾಡದೆ ಹೋದರು. ನೀನು ಈಗ ಯಾರೋ ಬೇಕರಿಯವನ ಮುಂದೆ ಮಾತಾಡುತ್ತಿದ್ದೀಯ.

ನಾನು ನಿನ್ನನ್ನು ಒಪ್ಪುವುದಿಲ್ಲ.

ಇತಿ


ಅಕ್ಟೋಬರ್ 20

ಮಗಳೇ,

ನಿನ್ನ ಕಾಗದವನ್ನು ಲಾಂಡ್ರಿಯ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಹಬೆಗೆ ಅಕ್ಷರ ಸ್ವಲ್ಪ ಹರಡಿದೆ. ಏನಿದೆ ಎಂದು ನನಗೆ ಈಗ ನೋಡದೆಯೇ ಗೊತ್ತು.

ಹೋದದ್ದು ತಪ್ಪೆಂದು ನನ್ನಿಂದ ಬರೆಸಿಕೊಳ್ಳಬೇಕು ಎಂದಿದ್ದರೆ ಬೇರೆ ಅಮ್ಮನನ್ನು ಹುಡುಕಿಕೋ. ನಾನು ಬರೆಯುವುದಿಲ್ಲ. ನಿಮ್ಮಪ್ಪ ಒಳ್ಳೆಯವರು. ಅದೇ ಕಷ್ಟವಾಗಿತ್ತು, ದೂರಲು ಯಾರೂ ಇರಲಿಲ್ಲ. ಬೆಳಗಾದರೆ ನಾನು ಯಾರಿಗೋ ಏನೋ ಆಗಿ ಏಳುತ್ತಿದ್ದೆ. ಇಡೀ ದಿನ ನನ್ನ ಬಾಯಿಂದ ಬರುತ್ತಿದ್ದದ್ದು 'ಆಯ್ತು', 'ಬಂದೆ', 'ಹಾಕ್ತೀನಿ'. ನಾನು ಹೋಗಿ ಸೇರಿದ ಊರಿನ ಹೋಟೆಲಿನ ಲಾಂಡ್ರಿಯಲ್ಲಿ ಮೊದಲ ದಿನ ಒಬ್ಬ ಹೆಂಗಸು "ನಿಂಗೆ ಯಾವ ಕೆಲಸ ಇಷ್ಟ, ಒಗೆಯೋದಾ ಇಸ್ತ್ರೀನಾ?" ಎಂದು ಕೇಳಿದಳು. ಇಷ್ಟವೆಂಬ ಪದ ಕೇಳಿ ನಾನು ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟೆ. ನಾನು ಸೋತು ಬಂದದ್ದಲ್ಲ. ನೀನು ಬೇಕಾಗಿದ್ದೆ, ಬಂದೆ. ನಿಮ್ಮಪ್ಪ ಬಾಗಿಲು ತೆಗೆದು "ಊಟ ಆಯ್ತಾ?" ಎಂದರು. ಅಷ್ಟೇ. ಕೇಳಿದ್ದರೆ ಎಲ್ಲ ಹೇಳುತ್ತಿದ್ದೆ. ಅವರು ಕೇಳಲಿಲ್ಲ, ನೀನೂ ಕೇಳಲಿಲ್ಲ, ಬೇಕರಿಯವನು ಕೇಳಿದ, ಪುಸ್ತಕದ ಹೆಂಗಸಿನ ಬಗ್ಗೆಯಾದರೂ.

ನಿನ್ನನ್ನು ಯಾಕೆ ಕರೆದೊಯ್ಯಲಿಲ್ಲ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಹುಡುಕಿದೆ. ನನ್ನೊಳಗೂ ಹುಡುಕುತ್ತಿದ್ದೇನೆ.

ಓಡಿ ಬಂದದ್ದು. ಅದೊಂದು ಮಾತು ನನ್ನ ಕಾಲ ಕೆಳಗಿನ ನೆಲವನ್ನೇ ಎಳೆಯಿತು. ನೀನು ಓಡಿ ಬಂದೆಯೆಂದೇ ನಾನು ಇಷ್ಟು ವರ್ಷ ಬದುಕಿದ್ದು. ಯಾರು ಏನೆಂದರೂ, 'ನನ್ನ ಮಗಳು ಓಡಿ ಬಂದಳು' ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. ಯಾರೋ ತಳ್ಳಿದ್ದರು ಎಂದು ನನಗೆ ಗೊತ್ತಿರಲಿಲ್ಲ.

ಕಳೆದ ಶುಕ್ರವಾರ ನಾನೇ ಎದ್ದು ಕಿಟಕಿಯ ಬೆಂಚಿಗೆ ಹೋದೆ. "ಒಂದು ಪ್ರಶ್ನೆ ಇದೆ" ಅಂದೆ. "ಕೊನೇ ಪುಟದಲ್ಲಿ ಆ ಹುಡುಗಿ ಓಡಿ ಬರ್ತಾಳಲ್ಲ, ಅವ್ಳಿಗೆ ಓಡ್ಬೇಕು ಅಂತ ಇತ್ತಾ?" ಬೇಕರಿಯವನು ನಕ್ಕ. "ನಗ್ತಾ ಬಂದ್ಲು ಅಂತ ಬರೆದಿದಾರಲ್ರೀ." ಡ್ರೈವರನೂ ಅದನ್ನೇ ಹೇಳಬೇಕೆಂದಿದ್ದ. ನಾನು ಹೊಲಿಗೆಯ ಹುಡುಗಿಯ ಕಡೆ ತಿರುಗಿ "ನಿಂಗೇನನ್ಸುತ್ತೆ?" ಎಂದು ಕೇಳಿ ಸುಮ್ಮನಾದೆ. ಕಾದೆ. ನೀನು ಹೇಳಿದ್ದು ನಿಜ, ಬಾಯಿ ಮುಚ್ಚಿ ಕಾಯುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕೊನೆಗೆ ಅವಳು ಪುಸ್ತಕ ತನ್ನ ಕಡೆ ಎಳೆದುಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟಳು. 'ಪ್ಲಾಟ್‌ಫಾರಂ ತುಂಬ ಜನ ನೋಡುತ್ತ ನಿಂತಿದ್ದರು.'

"ಇಷ್ಟೊಂದ್ ಜನ ನೋಡ್ತಿರುವಾಗ ಮಗು ಇನ್ನೇನ್ ಮಾಡುತ್ತೆ?" ಅಂದಳು. "ನಗ್ಲೇಬೇಕು."

ಬೇಕರಿಯವನು ಆ ಪುಟವನ್ನು ಮತ್ತೆ ಮೊದಲಿನಿಂದ ಓದತೊಡಗಿದ, ತುಟಿ ಅಲ್ಲಾಡಿಸುತ್ತ. ನಿನ್ನ ನಿಯಮವನ್ನು ನಾನು ಮುರಿಯಲಿಲ್ಲ, ಮನೆಯ ಮಾತು ತರಲಿಲ್ಲ. ಆದರೆ ನೋಡಿದರೆ ನಾಲ್ವರೂ ಅವರವರ ಮನೆಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆವು.

ಪ್ರಶ್ನೆ ನಿನ್ನದು. ನನ್ನದೆಂಬಂತೆ ಕೇಳಿದೆ. ಅದಕ್ಕೆ ಬೇಕಾದರೆ ಬೈ.

ನಿನ್ನ ಅಮ್ಮ, ನೀನು ಒಪ್ಪದಿದ್ದರೂ


ಅಕ್ಟೋಬರ್ 29

ಅಮ್ಮ,

ಕಾಗದ ಸಿಕ್ಕಿತು. ಓದಿದೆ. ಬರೆಯಲು ಕೂತರೆ ಆಗುತ್ತಿಲ್ಲ. ಆದಾಗ ಬರೆಯುತ್ತೇನೆ.

ಬಟ್ಟೆಯ ಗಂಟಿನ ಮೇಲೆ ಎಷ್ಟು ಹೊತ್ತು ಕೂತಿದ್ದೆ?

ಮಗಳು


ನವೆಂಬರ್ 24

ಮಗಳೇ,

ಅವಳು "ಎದ್ದೇಳಮ್ಮ, ಲಾರಿ ಬಂತು" ಎನ್ನುವವರೆಗೂ ಕೂತಿದ್ದೆ.

ನಿನ್ನೆ ಅಧಿಕಾರಿ ಬಂದಿದ್ದರು. ತರಗತಿಯ ಗೋಡೆಯ ಉದ್ದಕ್ಕೂ ಚಾರ್ಟುಗಳು. ನಮ್ಮದರಲ್ಲಿ ಅದೇ ತ್ಯಾಗದ ಸಾಲು, ಕೆಳಗೆ ಮೂರು ಸಹಿ. ಮೌಖಿಕದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಗುಂಪಿನೊಂದಿಗೆ ಸಹಕರಿಸುವುದಿಲ್ಲ' ಎಂದು ಬರೆದಿತ್ತು. ಅಧಿಕಾರಿ ಅದನ್ನೋದಿ, "ಯಾರಿದು?" ಎಂದರು.

ನಾನು ಎದ್ದೆ. ಆ ಬೆಂಚಿನಿಂದ ಏಳುವುದೆಂದರೆ ಬಾವಿಯಿಂದ ಮೇಲೆ ಬಂದಂತೆ.

"ಯಾಕಮ್ಮಾ, ಏನ್ ತೊಂದ್ರೆ?"

"ಆ ಸಾಲು ಪುಸ್ತಕದಲ್ಲಿ ಇಲ್ಲ ಸಾರ್. ಇಲ್ಲದ್ದಕ್ಕೆ ಸಹಿ ಹಾಕಲ್ಲ."

"ಎಲ್ಲರೂ ಹಾಕಿದಾರಲ್ಲ?"

ಆಗ ಬೇಕರಿಯವನು ಎದ್ದು ನಿಂತ. ಅವನು ಎದ್ದನೆಂದರೆ ನನ್ನ ಮೇಲೆಯೇ ಎಂದುಕೊಂಡೆ. "ಸಾರ್, ಈಯಮ್ಮ ಹೇಳೋದನ್ನ ನಾನು ಒಪ್ಪಲ್ಲ" ಎಂದ, ಅದೇ ಬೇಕರಿಯ ದನಿಯಲ್ಲಿ. "ಅವತ್ತೂ ಒಪ್ಪಿಲ್ಲ, ಇವತ್ತೂ ಒಪ್ಪಲ್ಲ. ಮಗು ಬಿಟ್ಟು ಹೋದದ್ದು ತಪ್ಪೇ. ಆದ್ರೆ ನಮ್ಮ ಗುಂಪಲ್ಲಿ ನಡೆದ ಮಾತು ಈ ಚಾರ್ಟಲ್ಲಿಲ್ಲ. ಅರ್ಧ ಮಾತು ಇವರದು. ಅದನ್ನ ಬಿಟ್ಟು ನಂದೊಂದೇ ಗೋಡೆಗೆ ಅಂಟಿಸಿದ್ರೆ ನಾನು ಯಾರ ಜೊತೆ ಜಗಳ ಆಡಿದ್ದು ಅಂತ ಆಗುತ್ತೆ?" ಎಂದವನೇ ಹೋಗಿ ಚಾರ್ಟಿನ ಮೇಲಿನ ತನ್ನ ಸಹಿಗೆ ಅಡ್ಡಗೆರೆ ಎಳೆದ.

ಹೊಲಿಗೆಯ ಹುಡುಗಿಯೂ ಎದ್ದಳು. ಹೋಗಿ ತನ್ನ ಸಹಿಯನ್ನೂ ಹೊಡೆದುಹಾಕಿದಳು.

"ಒಂದು ಗುಂಪು ಅಂದ್ರೆ ಒಂದು ಅಭಿಪ್ರಾಯ ಇರ್ಬೇಕಲ್ವೇನ್ರೀ?" ಎಂದು ಅಧಿಕಾರಿ ಮೇಡಂ ಕಡೆ ತಿರುಗಿದರು.

"ಯಾಕ್ ಸಾರ್?" ಅಂದೆ ನಾನು. "ನಾಲ್ಕು ಜನ ಓದಿದೀವಿ. ನಾಲ್ಕಿದೆ."

"ನನ್ನದು ಎರಡಿದೆ ಸಾರ್" ಅಂದ ಡ್ರೈವರ್.

ಇಡೀ ತರಗತಿ ನಕ್ಕಿತು. ಅಧಿಕಾರಿ ನಗಲಿಲ್ಲ. ಏನೋ ಬರೆದುಕೊಂಡು ಹೊರಟರು. ನಮ್ಮ ಗುಂಪಿಗೆ ತರಗತಿಯಲ್ಲೇ ಅತಿ ಕಡಿಮೆ ಅಂಕ. ನಾಲ್ವರಿಗೂ. ಬೇಕರಿಯವನು ಅದಕ್ಕೂ ನನ್ನನ್ನೇ ಬೈದ.

ಎಲ್ಲರೂ ಹೋದ ಮೇಲೆ ಮೇಡಂ ಗೋಡೆಯ ಮುಂದೆ ನಿಂತಿದ್ದರು. "ಮೇಲಿಂದ ಬಂದ ನಮೂನೇಲಿ ಒಂದೇ ಸಾಲಿಗೆ ಜಾಗ ಇತ್ತು ಕಣಮ್ಮ" ಅಂದರು. ಆಮೇಲೆ, ನನ್ನ ಮುಖ ನೋಡದೆ, "ನಂಗೂ ಆ ಹೆಂಗಸಿನ ಮೇಲೆ ಸಿಟ್ಟಿಲ್ಲ" ಅಂದರು. ನಾನು ಚಾರ್ಟು ತೆಗೆಯಲು ಹೋದೆ. "ಇರ್ಲಿ ಬಿಡಿ" ಅಂದರು.

ಅದು ಇನ್ನೂ ಅಲ್ಲೇ ಇದೆ, ಗೀಟುಗಳ ಸಮೇತ. ಹಗಲಿನ ಮಕ್ಕಳು ನೋಡುತ್ತಾರೆ.

ನಿನ್ನ ಅಮ್ಮ


ಡಿಸೆಂಬರ್ 5

ಅಮ್ಮ,

ನಿನ್ನೆ ನನ್ನ ತರಗತಿಯಲ್ಲಿ ಒಂದು ಹುಡುಗಿ ಕತೆಯೊಂದರ ಬಗ್ಗೆ ಮಾತಾಡುತ್ತ, "ಮಿಸ್, ನಮ್ಮ ಮನೇಲೂ ಹೀಗೇ" ಎಂದು ಶುರು ಮಾಡಿದಳು. ನಾನು ರೂಢಿಯಂತೆ ಕೈ ಎತ್ತಿ ತಡೆಯಲು ಹೋದವಳು ಕೈ ಇಳಿಸಿದೆ. ಅವಳು ಹೇಳಿದಳು. ಎಲ್ಲರೂ ಕೇಳಿದರು. ಏನೂ ಕುಸಿದು ಬೀಳಲಿಲ್ಲ.

ಆ ಬೇಕರಿಯವನನ್ನು ನನಗೆ ನೋಡಬೇಕು. ಒಪ್ಪದೆಯೂ ನಿನ್ನ ಪರ ಎದ್ದು ನಿಲ್ಲುವುದು ನನಗೆ ಯಾಕೆ ಇಷ್ಟು ಕಷ್ಟವಾಯಿತು ಎಂದು ಯೋಚಿಸುತ್ತಿದ್ದೇನೆ. ನನಗೆ ಇನ್ನೂ ಕೋಪವಿದೆ. ಅದು ಈ ಒಂದು ಕಾಗದಕ್ಕೆ ಹೋಗುವಂಥದ್ದಲ್ಲ, ಹೋಗಲೆಂದು ನೀನೂ ಕಾಯಬೇಡ. ಆದರೆ ಇಷ್ಟು ವರ್ಷ ಅದು ಮಾತಿಲ್ಲದ ಕೋಪವಾಗಿತ್ತು. ಈಗ ಅದಕ್ಕೆ ಪುಟವಿದೆ, ಸಾಲಿದೆ.

ನನಗೆ ರಜೆ ಶುರುವಾಗುತ್ತದೆ. ಇಪ್ಪತ್ತನೆಯ ತಾರೀಖು ಶುಕ್ರವಾರ. ಮೇಡಂ ಒಪ್ಪುವುದಾದರೆ ನಿಮ್ಮ ಗುಂಪಿನಲ್ಲಿ ಒಂದು ಸಂಜೆ ಕೂರಬೇಕು ಎಂದಿದೆ. ಯಾರೂ ತಳ್ಳಿಲ್ಲ, ನಾನೇ ಬರುತ್ತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ನಿನ್ನ ಪಕ್ಕ ಕೂರುವುದಿಲ್ಲ. ನಿನ್ನ ಪರವಾಗಿ ಮಾತಾಡುವುದೂ ಇಲ್ಲ. ಬೇಕರಿಯವನ ಪಕ್ಕ, ನಿನ್ನ ಎದುರಿಗೆ ಕೂರುತ್ತೇನೆ.

ನಿನ್ನ ಮಗಳು


ಡಿಸೆಂಬರ್ 11

ಮಗಳೇ,

ಮೇಡಂ ಒಪ್ಪಿದರು. ಬೇಕರಿಯವನಿಗೆ ನೀನು ಬರುವುದನ್ನು ಹೇಳಿದೆ. ತನ್ನ ಕಡೆಗೆ ಒಬ್ಬರು ಜಾಸ್ತಿಯಾದರೆಂದು ಕುಣಿಯುತ್ತಿದ್ದಾನೆ. ಕುಣಿಯಲಿ. ನಾನು ನನ್ನ ಮಾತಿನಲ್ಲಿ ಒಂದು ಅಕ್ಷರವನ್ನೂ ಬಿಟ್ಟುಕೊಡುವುದಿಲ್ಲ, ನೀನೂ ಬಿಡಬೇಡ.

ಎದುರಿಗೇ ಕೂತುಕೋ. ಮುಖ ಕಾಣುತ್ತದೆ.

ಅಮ್ಮ